ನಡಿಗೆ ನೋಡು, ಆಮೇಲೆ ನಂಬರು

ಜೂನ್ ತಿಂಗಳ ಇಳಿಮಧ್ಯಾಹ್ನ. ಬೆಂಗಳೂರು ರೇಸ್‌ಕೋರ್ಸಿನಲ್ಲಿ, ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತು ಹಾಕಿಸುವ ಪ್ಯಾಡಕ್‌ನ ಕಂಬಿಗೆ ಒರಗಿ ನಿಂತಿದ್ದೀರಿ. ರಾತ್ರಿ ಸುರಿದ ಮಳೆಗೆ ನೆಲ ಇನ್ನೂ ಆರಿಲ್ಲ. ಒದ್ದೆ ಮಣ್ಣು, ಲದ್ದಿ, ಹಿಂದೆ ಯಾರೋ ಹಚ್ಚಿದ ಬೀಡಿ, ಮೂರರ ವಾಸನೆಯೂ ಒಟ್ಟಿಗೇ ಮೂಗಿಗೆ ಬಡಿಯುತ್ತಿದೆ. ಪಕ್ಕದಲ್ಲಿ ನಿಮ್ಮ ಕಾಕಾ, ರಾಯಚೂರು ಸೀಮೆಯ ಗುಂಜಹಳ್ಳಿಯವರು. ನಿನ್ನೆ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಇಲ್ಲಿ ಇಳಿದಿದ್ದಾರೆ. ಮದುವೆ ಇರುವುದು ನಾಳೆ. ಇವತ್ತು ಪೂರ್ತಿ ಖಾಲಿ.

“ಓಡೋ ಕುದುರಿ ನೋಡ್ಬೇಕಪ್ಪ. ರೊಕ್ಕ ಕಟ್ಟಂಗಿಲ್ಲ, ನೋಡದಷ್ಟೆ” ಎಂದು ಕರಾರು ಹಾಕಿಯೇ ಹೊರಟಿದ್ದಾರೆ. ದಾರಿಯಲ್ಲಿ ಬಸವೇಶ್ವರ ವೃತ್ತದ ಪ್ರತಿಮೆಯ ಎದುರು ಒಂದು ನಿಮಿಷ ನಿಂತು ಬಸವಣ್ಣನಿಗೆ ಕೈ ಮುಗಿದರು. ಆಮೇಲೆ ಅವರ ಕಣ್ಣು ಬಸವಣ್ಣ ಕೂತ ಕುದುರೆಯ ಕಾಲಿನ ಮೇಲೇ ಇತ್ತು.

ನಿಮ್ಮ ಕೈಯಲ್ಲಿ ರೇಸ್ ಬುಕ್ಕಿದೆ. ಕಾಕಾ ಅದನ್ನು ತೆಗೆದುಕೊಂಡು ಒಂದು ಪುಟ ತಿರುವಿ, ಅಕ್ಷರ ಸಣ್ಣದೆಂದು ವಾಪಸು ಕೊಟ್ಟರು. “ನೀ ಓದು, ನಾ ನೋಡ್ತೀನಿ.”

ಮುಂದಿನ ರೇಸು 1,200 ಮೀಟರಿನದು. ರೇಟಿಂಗ್ 20ರಿಂದ 45ರ ಒಳಗಿನ ಕುದುರೆಗಳಿಗೆ. ಓಡುವವು ಒಂಬತ್ತು. ಒಂದೊಂದು ಕುದುರೆಗೂ ಪುಸ್ತಕದಲ್ಲಿ ನಾಲ್ಕಾರು ಸಾಲು: ನಂಬರು, ಗೇಟಿನ ಡ್ರಾ, ಬಣ್ಣ, ವಯಸ್ಸು, ಅಪ್ಪ ಅಮ್ಮನ ಹೆಸರು, ಹೊರುವ ತೂಕ, ಟ್ರೈನರು, ಜಾಕಿ, ಹಿಂದಿನ ಓಟಗಳಲ್ಲಿ ಎಷ್ಟನೆಯದಾಗಿ ಬಂತು ಎಂಬ ಅಂಕಿಗಳು. ಕಣ್ಣಿಗೆ ಬ್ಲಿಂಕರ್ ಕಟ್ಟುತ್ತಾರೋ ಇಲ್ಲವೋ, ಲಾಳ ಅಲ್ಯೂಮಿನಿಯಂನದೋ ಉಕ್ಕಿನದೋ, ಅದೂ ಅಚ್ಚಾಗಿರುತ್ತದೆ. ಲಾಳದ ಮಾತು ಕೇಳಿದ್ದೇ ಕಾಕಾ ಈ ಕಡೆ ತಿರುಗಿದರು. “ಅದನ್ನೂ ಬರದಾರೇನು?” ಎತ್ತಿಗೆ ಲಾಳ ಬಡಿಸಿದವರಿಗೆ ಅದು ಎಷ್ಟು ದೊಡ್ಡ ಸಂಗತಿಯೆಂದು ಗೊತ್ತು. ಹಗುರ ಲಾಳವೆಂದರೆ ಪ್ರತಿ ಹೆಜ್ಜೆಗೂ ಅಷ್ಟು ಭಾರ ಕಡಿಮೆ.

ಒಂದನೇ ನಂಬರಿನ ತೂಕ ಓದಿ ಹೇಳುತ್ತೀರಿ: 62.5 ಕೆಜಿ. ಒಂಬತ್ತನೆಯದಕ್ಕೆ 51.

“ಹನ್ನೊಂದೂವರಿ ಕೇಜಿ ಫರಕು? ಹಂಗ್ಯಾಕ?”

ಕಾಕಾನ ಲೆಕ್ಕದಲ್ಲಿ ಇದು ಅನ್ಯಾಯ. ಕಾರಹುಣ್ಣಿಮೆಗೆ ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಕಲ್ಲು ಎಳೆಯುವುದನ್ನು ಅವರು ತಪ್ಪದೆ ನೋಡುತ್ತಾರೆ. ಒಂದು ದಿನ ಒಂದೂವರೆ ಟನ್ ಕಲ್ಲು, ಇನ್ನೊಂದು ದಿನ ಎರಡು, ಮತ್ತೊಂದು ದಿನ ಎರಡೂವರೆ. ಆದರೆ ಆ ದಿನದ ಕಲ್ಲು ಎಲ್ಲ ಜೋಡಿಗೂ ಒಂದೇ. ನೆರೆಯ ಆಂಧ್ರ, ತೆಲಂಗಾಣದಿಂದ ಬಂದ ದೈತ್ಯ ಜೋಡಿಗೂ ಅದೇ ಕಲ್ಲು, ಪಕ್ಕದೂರಿನ ಬಡಕಲು ಜೋಡಿಗೂ ಅದೇ. ಯಾವುದು ಹೆಚ್ಚು ದೂರ ಎಳೆಯಿತೋ ಅದು ಗೆದ್ದಿತು. ಇಲ್ಲಿ ಲೆಕ್ಕ ತಲೆಕೆಳಗು. ಗೆದ್ದ ಕುದುರೆಯ ರೇಟಿಂಗನ್ನು, ಹೊರುವ ಭಾರ ಗೊತ್ತುಮಾಡುವ ಹ್ಯಾಂಡಿಕ್ಯಾಪರ್ ಏರಿಸುತ್ತಾನೆ, ಸೋತದ್ದರದನ್ನು ಇಳಿಸುತ್ತಾನೆ. ರೇಟಿಂಗಿನ ಒಂದು ಅಂಕಕ್ಕೆ ಅರ್ಧ ಕೆಜಿ. 45 ಅಂಕದ ಕುದುರೆಗೂ 22 ಅಂಕದ ಕುದುರೆಗೂ ನಡುವೆ 23 ಅಂಕ, ಅಂದರೆ ಹನ್ನೊಂದೂವರೆ ಕೆಜಿ. ಜಾಕಿಯ ಮೈತೂಕ ಸಾಲದಿದ್ದರೆ ಜೀನಿನ ಕೆಳಗೆ ಸೀಸದ ಹಲಗೆ ಸೇರಿಸಿ ತೂಗುತ್ತಾರೆ. ಎಲ್ಲ ಒಂಬತ್ತೂ ಒಂದೇ ಗೆರೆಯಲ್ಲಿ ಬಂದು ಮುಟ್ಟಬೇಕು, ಹ್ಯಾಂಡಿಕ್ಯಾಪರನ ಕನಸು ಅದು.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಂದ್ರ, ಚಲೋ ಓಡೋದಕ್ಕ ದಂಡ ಹಾಕ್ತಾರ.”

ಹೌದು, ದಂಡವೇ. ಅದಿಲ್ಲದಿದ್ದರೆ ಈ ಆಟವೇ ಇಲ್ಲ. ರಶೀದ್ ಬೈರಾಮ್‌ಜಿ ಪಳಗಿಸಿದ ಸ್ಕ್ವಾಂಡರರ್ ಎಂಬ ಕುದುರೆ 1970ರ ದಶಕದಲ್ಲಿ 19 ಸಲ ಓಡಿ 18 ಸಲ ಗೆದ್ದಿತ್ತು. ಅಂಥದ್ದು ನೂರಕ್ಕೊಂದೂ ಅಲ್ಲ. ಸೀಸನ್ನಿನ ವಾರಾಂತ್ಯಗಳಲ್ಲಿ ಇಲ್ಲಿ ಓಡುವವುಗಳಲ್ಲಿ ಹೆಚ್ಚಿನವು ನಡುಮಟ್ಟದವು: ಒಮ್ಮೆ ಗೆದ್ದು ನಾಲ್ಕು ಸಲ ಸೋಲುವಂಥವು, ಮೇಲಿನ ವರ್ಗಕ್ಕೆ ಏರಿ ಮತ್ತೆ ಇಳಿಯುವಂಥವು. ಅವುಗಳ ನಡುವೆ ಆರಿಸುವುದೇ ಇಲ್ಲಿನ ಕೆಲಸ.

ಆ ಕೆಲಸ ಜಾಣ್ಮೆಯದೋ ಜೂಜೋ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 1996ರ ಜನವರಿ 12ರಂದು ಡಾ. ಕೆ.ಆರ್. ಲಕ್ಷ್ಮಣನ್ ಮತ್ತು ತಮಿಳುನಾಡು ಸರ್ಕಾರದ ನಡುವಣ ಮೊಕದ್ದಮೆಯಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು: ಕುದುರೆಯ ವಂಶ, ತರಬೇತಿ, ಹಿಂದಿನ ಓಟಗಳು, ಸವಾರನ ಕೈಚಳಕ ಇವನ್ನೆಲ್ಲ ತೂಗಿ ನೋಡಬಹುದು, ಆದ್ದರಿಂದ ಕುದುರೆ ಪಂದ್ಯ ಮುಖ್ಯವಾಗಿ ಜಾಣ್ಮೆಯ ಆಟ. ಕಾನೂನು ಈ ಮೈದಾನವನ್ನು ಇಸ್ಪೀಟು ಅಡ್ಡೆಯಿಂದ ಬೇರೆ ಮಾಡಿ ನೋಡುವುದು ಇದೇ ಎಳೆಯ ಮೇಲೆ. ಆದರೆ ಈಗ ಒಮ್ಮೆ ಸುತ್ತ ನೋಡಿ. ಸಾವಿರಾರು ಜನರಲ್ಲಿ ಕಂಬಿಯ ಬಳಿ ನಿಂತವರು ಎಷ್ಟು? ಕೈಬೆರಳಲ್ಲಿ ಎಣಿಸಬಹುದು. ಉಳಿದವರೆಲ್ಲ ಬುಕ್ಕಿಗಳ ರಿಂಗಿನಲ್ಲಿ, ಹಣ ಕಟ್ಟುವ ಟೋಟ್ ಕಿಟಕಿಯ ಸಾಲಿನಲ್ಲಿ, ಟಿ.ವಿ. ಪರದೆಯ ಕೆಳಗೆ. ಕುದುರೆಗೆ ಬೆನ್ನು ಹಾಕಿ ಅದರ ಬೆಲೆಯನ್ನು ನೋಡುತ್ತಿದ್ದಾರೆ.

ಲಾಯದ ಕಡೆಯಿಂದ ಮೊದಲ ಕುದುರೆ ಬಂತು.

ಸೈಸ್ ಲಗಾಮು ಹಿಡಿದು ಸುತ್ತು ಹಾಕಿಸುತ್ತಿದ್ದಾನೆ. ಕಾಕಾ ಕಂಬಿಯ ಮೇಲೆ ಎರಡೂ ಕೈ ಇಟ್ಟು ಮುಂದೆ ಬಾಗಿದರು. ಒಂದನೇ ನಂಬರು, ಐದು ವರ್ಷದ ಕಂದು ಗಂಡು. ಹಿಂದಿನ ಓಟ ಗೆದ್ದದ್ದು, ಆ ಗೆಲುವಿಗೇ ಎಂಟು ಅಂಕ ಏರಿ ಇವತ್ತು ನಾಲ್ಕು ಕೆಜಿ ಹೆಚ್ಚು ಹೊರಬೇಕು. ಮೈ ಎಣ್ಣೆ ಹಚ್ಚಿದಷ್ಟು ಮಿರುಗುತ್ತಿದೆ. ಎದೆ ಅಗಲ, ಹಿಂಗಾಲಿನ ಮೇಲೆ ಮಾಂಸ ತುಂಬಿದೆ. ಕಾಕಾ ತಲೆಯಾಡಿಸಿದರು. “ಭಾಳ ಚಲೋ ಅದ. ಆದ್ರ ಸೊಕ್ಕಿಲ್ಲ. ತಲಿ ಕೆಳಗ ಹಾಕ್ಯದ ನೋಡು.”

ಎರಡನೆಯದರ ಹೆಸರಿನ ಮುಂದೆ ಪುಸ್ತಕ ಗೆಲ್ಡಿಂಗ್ ಎನ್ನುತ್ತದೆ. ಅದಕ್ಕೆ ಊರ ಮಾತಿನಲ್ಲಿ ಏನು ಹೇಳುವುದೆಂದು ನೀವು ತಡವರಿಸುವಷ್ಟರಲ್ಲಿ ಕಾಕಾ ಬಾಗಿ ನೋಡಿಯೇ ಬಿಟ್ಟರು. “ಬೀಜ ಒಡದಾರ. ಎತ್ತು ಮಾಡ್ಯಾರ ಇದನ್ನ.” ಎದುರಿಗೆ ನಿಂತಿದ್ದ ಕೋಟಿನ ಯಜಮಾನರೊಬ್ಬರು ತಿರುಗಿ ನೋಡಿ ನಕ್ಕರು. ಈ ಕುದುರೆ ಮೇಲಿನ ವರ್ಗದಲ್ಲಿ, 40ರಿಂದ 65ರವರ ಜೊತೆ ಓಡಿ ಸೋತು ಸೋತು ಇಳಿದು ಬಂದದ್ದು. 43 ಅಂಕ, ಹೊರಬೇಕಾದ್ದು 61.5 ಕೆಜಿ. ಪುಸ್ತಕ ಬಲ್ಲವರು ಇಂಥದ್ದನ್ನು ಕಂಡರೆ ಪೆನ್ನು ತೆಗೆಯುತ್ತಾರೆ: ದೊಡ್ಡವರ ನಡುವೆ ಐದನೆಯದಾಗಿ ಬಂದದ್ದು ಸಣ್ಣವರ ನಡುವೆ ಮೊದಲನೆಯದಾಗಬಹುದು. ಕಾಕಾಗೆ ವರ್ಗದ ಮಾತು ಬೇಡ. ಅವರು ನೋಡುತ್ತಿರುವುದು ಹಿಂಗಾಲಿನ ಹೆಜ್ಜೆ. “ಮುಂಗಾಲು ಎತ್ತಿದ ಜಾಗಕ್ಕ ಹಿಂಗಾಲು ಬಂದು ಬೀಳ್ತದ. ದಾಟಂಗಿಲ್ಲ. ಮಧ್ಯಮ.”

ಅವರ ಅಳತೆಗೋಲು ಇದು. ಸಂತೆಯಲ್ಲಿ ಎತ್ತು ಕೊಳ್ಳುವಾಗ ಮೊದಲು ನಡೆಸಿ ನೋಡುತ್ತಾರೆ. ಹಿಂಗಾಲಿನ ಗೊರಸು ಮುಂಗಾಲಿನ ಗುರುತನ್ನು ದಾಟಿ ಮುಂದೆ ಬಿದ್ದರೆ ಸೊಂಟ ಸಡಿಲ, ಹೆಜ್ಜೆ ಉದ್ದ. ಹಿಂದೆಯೇ ಬಿದ್ದರೆ ಎಲ್ಲೋ ಬಿಗಿ ಇದೆ, ನೋವಿದೆ. ಕುದುರೆಯ ಪರೀಕ್ಷಕರು ಪ್ಯಾಡಕ್‌ನಲ್ಲಿ ಹುಡುಕುವುದೂ ಇದನ್ನೇ. ರೇಸ್ ಕುದುರೆಗಳ ಊರಾದ ಇಂಗ್ಲೆಂಡಿನ ನ್ಯೂಮಾರ್ಕೆಟ್ಟಿನವರೂ ಗುಂಜಹಳ್ಳಿಯವರೂ ಬೇರೆ ಬೇರೆ ಪ್ರಾಣಿ ಸಾಕಿ ಒಂದೇ ಮಾತಿಗೆ ಬಂದಿದ್ದಾರೆ.

ಮೂರನೆಯದು ಬಂದಾಗ ಕಂಬಿಯ ಬಳಿ ಕ್ಯಾಮರಾಗಳು ಮೇಲೆದ್ದವು. ಮೂರು ವರ್ಷದ ಹೆಣ್ಣು, ಫೇವರಿಟ್. ಎರಡೇ ಸಲ ಓಡಿ ಒಂದು ಗೆಲುವು, ಒಂದು ಎರಡನೇ ಸ್ಥಾನ. ಬೆಳಗಿನ ಟ್ರ್ಯಾಕ್ ತಾಲೀಮಿನಲ್ಲಿ ಕೊನೆಯ 600 ಮೀಟರನ್ನು ಸಲೀಸಾಗಿ ಓಡಿದ್ದಾಳೆಂದು ಪತ್ರಿಕೆ ಹೊಗಳಿದೆ. ಜಾಕಿಯೂ ದೊಡ್ಡ ಹೆಸರಿನವನು. ಆದರೆ ಕುತ್ತಿಗೆಯ ಮೇಲೆ ಲಗಾಮು ಉಜ್ಜುವಲ್ಲಿ ಬಿಳಿ ನೊರೆ ಕಟ್ಟಿದೆ, ಹಿಂದೊಡೆಗಳ ನಡುವೆಯೂ ನೊರೆ. ಒಂದು ಕಡೆ ಸೈಸ್, ಇನ್ನೊಂದು ಕಡೆ ಮತ್ತೊಬ್ಬ ಹಿಡಿದಿದ್ದಾನೆ. ಅವಳು ಅಡ್ಡಡ್ಡ ನಡೆಯುತ್ತಿದ್ದಾಳೆ, ಬಾಲ ಬೀಸುತ್ತಿದ್ದಾಳೆ.

“ಇದು ಓಡಿ ಬಂದದೇನು ಈಗ?”

ಇಲ್ಲ ಕಾಕಾ, ಇನ್ನೂ ಓಡಬೇಕು.

“ಹಂಗಾರ ಇಲ್ಲೇ ಓಡಿ ಮುಗಿಸ್ಯದ.” ಅಲ್ಲಿಗೆ ಫೇವರಿಟ್‌ನ ಕಥೆ ಮುಗಿಯಿತು.

ನಾಲ್ಕನೆಯದಕ್ಕೆ ಇವತ್ತೇ ಮೊದಲ ಸಲ ಬ್ಲಿಂಕರ್. ಕಣ್ಣಿನ ಪಕ್ಕಕ್ಕೆ ಬಟ್ಟಲು ಕಟ್ಟಿ ಎದುರಿನ ದಾರಿ ಬಿಟ್ಟು ಬೇರೇನೂ ಕಾಣದಂತೆ ಮಾಡಿದ್ದಾರೆ. ಅಕ್ಕಪಕ್ಕ ನೋಡುತ್ತ ಓಟ ಮರೆಯುವ ಕುದುರೆಗೆ ಕೊಡುವ ಮದ್ದು. ಕೆಲವಕ್ಕೆ ಇದರಿಂದ ಹೊಸ ವೇಗ ಬರುತ್ತದೆ, ಕೆಲವು ಗಾಬರಿ ಬೀಳುತ್ತವೆ. ಇದು ಯಾವ ಬಗೆಯದೋ ಪುಸ್ತಕ ಹೇಳುವುದಿಲ್ಲ, ಕಾಕಾನ ಕಣ್ಣೂ ಹೇಳುವುದಿಲ್ಲ. ದಾಟಿಸಿಬಿಡುತ್ತೀರಿ.

ಐದನೆಯದು ಬೂದು ಬಣ್ಣದ ಹೆಣ್ಣು, 36 ಅಂಕ, 58 ಕೆಜಿ. ಇಡೀ ಸುತ್ತಿನಲ್ಲಿ ಒಮ್ಮೆಯೂ ತಲೆ ಕೊಡವಲಿಲ್ಲ. ಕಿವಿಗಳು ಮಾತ್ರ ಒಂದು ಸಲ ಸ್ಟ್ಯಾಂಡಿನ ಗದ್ದಲದ ಕಡೆಗೆ, ಒಂದು ಸಲ ಸೈಸ್‌ನ ಕಡೆಗೆ ತಿರುಗುತ್ತಿವೆ. ಒದ್ದೆ ಮರಳಿನ ಮೇಲೆ ಅವಳ ಹೆಜ್ಜೆ ಗುರುತು ನಿಮಗೂ ಕಾಣುತ್ತದೆ. ಹಿಂಗಾಲು ಮುಂಗಾಲಿನ ಗುರುತನ್ನು ಒಂದು ಗೇಣು ದಾಟಿ ಬೀಳುತ್ತಿದೆ. ಕಾಕಾ ಮಾತಾಡಲಿಲ್ಲ, ನಿಮ್ಮ ಮುಂಗೈ ಒತ್ತಿದರು. ಆಮೇಲೆ ಹಣೆಯ ಕಡೆ ಬೆರಳು ತೋರಿಸಿದರು. “ಸುಳಿ ನೋಡು. ನಡುವ ಅದ, ಒಂದ.”

ಎತ್ತು, ಕುದುರೆ ಎರಡಕ್ಕೂ ನಮ್ಮಲ್ಲಿ ಸುಳಿ ನೋಡುವುದು ಹಳೆಯ ಪದ್ಧತಿ. ಯಾವ ಸುಳಿ ಮನೆ ಬೆಳಗುತ್ತದೆ, ಯಾವುದು ಮನೆ ಮುಳುಗಿಸುತ್ತದೆ ಎಂದು ಹೇಳುವವರು ಪ್ರತಿ ಸಂತೆಯಲ್ಲೂ ಇದ್ದಾರೆ. ಥರೋಬ್ರೆಡ್ ಕುದುರೆಯ ಪಾಸ್‌ಪೋರ್ಟಿನಲ್ಲೂ ಸುಳಿಗಳನ್ನು ಚಿತ್ರದ ಮೇಲೆ ಗುರುತು ಹಾಕಿ ಬರೆದಿಡುತ್ತಾರೆ, ಆದರೆ ಕಾರಣ ಬೇರೆ. ಅದು ಕುದುರೆಯ ಗುರುತಿನ ಚೀಟಿ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಓಡಿಸಿಬಿಡಬಾರದಲ್ಲ. ಕಾಕಾಗೆ ಹೇಳಿದಾಗ ಅವರಿಗೆ ಖುಷಿಯಾಯಿತು: “ಯಾವುದಕ್ಕಾದ್ರೂ ನೋಡ್ಲಿ, ನೋಡ್ತಾರಲ್ಲ.”

ಆರನೆಯದು ಸಾಧಾರಣ. ಏಳನೆಯದು 30 ಅಂಕದ್ದು, ಪುಸ್ತಕದ ಪ್ರಕಾರ 55 ಕೆಜಿ. ಮೇಲೆ ಕೂರುವವನು ಅಪ್ರೆಂಟಿಸ್ ಹುಡುಗ. ಕಲಿಯುವವನೆಂದು ಅವನಿಗೆ ತೂಕದಲ್ಲಿ ವಿನಾಯಿತಿ ಸಿಗುತ್ತದೆ, ಆದ್ದರಿಂದ ಕುದುರೆ ಹೊರುವ ಭಾರ ಇನ್ನೂ ಕಡಿಮೆ. ಡ್ರಾ ಎರಡು, ಒಳಗಂಬಿಗೆ ಹತ್ತಿರದ ಗೇಟು. ಹಿಂದಿನ ಎರಡು ಓಟಗಳಲ್ಲಿ ಕೊನೆಯ 200 ಮೀಟರಿನಲ್ಲಿ ಹಿಂದಿನಿಂದ ಬಂದು ನಾಲ್ಕನೆಯದು, ಮೂರನೆಯದು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದು ಬೇರೆ ಕಾಣುವುದಿಲ್ಲ. ಕಾಕಾ ಮಾತ್ರ ಮೂಗು ಮುರಿದರು. ಪಕ್ಕೆಲುಬು ಲೆಕ್ಕಕ್ಕೆ ಸಿಗುತ್ತಿವೆ, ಹೊಟ್ಟೆ ಒಳಗೆ ಎಳೆದುಕೊಂಡಿದೆ. “ಮೇವು ತಿಂದಿಲ್ಲೋ ಏನೋ. ಬ್ಯಾಡ ಬಿಡು.” ಎತ್ತಿನಲ್ಲಿ ಇದು ದೋಷ ನಿಜ. ಎರಡು ಟನ್ ಕಲ್ಲನ್ನು ಎಳೆಯುವುದಕ್ಕೆ ಮೈ ತುಂಬಿರಬೇಕು. ಆದರೆ ಓಡುವ ಕುದುರೆಯ ಪಕ್ಕೆಲುಬು ಕಾಣುವುದು ತಾಲೀಮು ಹದಕ್ಕೆ ಬಂದದ್ದರ ಗುರುತೂ ಆಗಿರಬಹುದು. ಇಲ್ಲಿ ಎತ್ತಿನ ಶಾಸ್ತ್ರವೂ ಕುದುರೆಯ ಶಾಸ್ತ್ರವೂ ಬೇರೆ ದಾರಿ ಹಿಡಿಯುತ್ತವೆ.

ಎಂಟನೆಯದು ತಿಂಗಳುಗಟ್ಟಲೆ ಲಾಯದಲ್ಲಿದ್ದು ಈಗ ಮರಳಿದೆ. ಹೊಟ್ಟೆ ಉಬ್ಬಿದೆ, ದಮ್ಮು ಕೂಡಿಲ್ಲ. ಒಂಬತ್ತನೆಯದು ಮೂರು ಸಲ ಸತತ ಕೊನೆಯದು, ಆದರೂ ಅದರ ಮೇಲೆ ಕಟ್ಟುವವರಿರುತ್ತಾರೆ. ಬೆಲೆ ಹೆಚ್ಚು ಬರುತ್ತದಲ್ಲ.

ಒಂಬತ್ತೂ ನೋಡಿ ಮುಗಿದ ಮೇಲೆ ಕಾಕಾಗೆ ಅವರ ಸೀಮೆಯದೇ ಒಂದು ಹಳೆಯ ಕಥೆ ಹೇಳುತ್ತೀರಿ. ರಾಯಚೂರಿಗೆ ಕುದುರೆಯ ಲೆಕ್ಕ ಹೊಸದಲ್ಲ. ಎತ್ತಿನ ಸೀಮೆಯೆಂದು ನಾವು ಹೇಳಿಕೊಳ್ಳುತ್ತೇವೆ. ಆದರೆ ಅಲ್ಲಿನ ಕೋಟೆಗಾಗಿ 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ನಡೆದ ಯುದ್ಧ ಹೊತ್ತಿಕೊಂಡದ್ದು ಕುದುರೆಯ ದುಡ್ಡಿನಿಂದ. ಪೋರ್ಚುಗೀಸ್ ವರದಿಗಾರ ಫರ್ನಾವ್ ನೂನಿಜ್ ಬರೆದಿಟ್ಟಿರುವ ಪ್ರಕಾರ, ಗೋವೆಯಲ್ಲಿ ಕುದುರೆ ಕೊಂಡು ತರಲು ರಾಯ ಒಬ್ಬ ವರ್ತಕನ ಕೈಗೆ 40,000 ಪರ್ದಾವ್ ನಾಣ್ಯ ಕೊಟ್ಟು ಕಳಿಸಿದ. ಅವನು ಹಣದೊಂದಿಗೆ ಆದಿಲ್ ಶಾಹನ ಕಡೆಗೆ ಓಡಿಹೋದ. ಹಣವನ್ನೂ ಮನುಷ್ಯನನ್ನೂ ಒಪ್ಪಿಸಲಿಲ್ಲವೆಂದು ದಂಡು ರಾಯಚೂರಿನತ್ತ ಹೊರಟಿತು. ಕೋಟೆ ಮುರಿಯಲು ರಾಯನಿಗೆ ನೆರವಾದ ಕ್ರಿಸ್ತೊವಾವ್ ದ ಫಿಗೆರೆದೊ ಕೂಡ ಮೊದಲು ಬಂದದ್ದು ಕುದುರೆ ಮಾರಲು. ಇದನ್ನೆಲ್ಲ ಬರೆದ ನೂನಿಜ್ ಕೂಡ ಕುದುರೆ ವ್ಯಾಪಾರಿಯೇ. ಕಾಕಾ ಕೇಳಿಸಿಕೊಂಡು ಹೇಳಿದ್ದು ಒಂದೇ ಮಾತು: “ನೋಡದ ಕುದುರಿಗೆ ಮುಂಚೇನ ರೊಕ್ಕ ಕೊಟ್ರ ಹಿಂಗ ಆಗ್ತದ.”

ಗಂಟೆ ಹೊಡೆಯಿತು. ಟ್ರೈನರುಗಳು ಮಧ್ಯದ ಹುಲ್ಲಿನ ಮೇಲೆ ಮಾಲೀಕರ ಜೊತೆ ನಿಂತಿದ್ದಾರೆ. ಬಣ್ಣ ಬಣ್ಣದ ರೇಷ್ಮೆ ಅಂಗಿ ತೊಟ್ಟ ಜಾಕಿಗಳು ಬಂದು ಟೋಪಿಗೆ ಕೈ ಮುಟ್ಟಿಸಿದರು. ಹತ್ತಿರದಿಂದ ನೋಡಿದರೆ ಅವರ ಮುಂಗೈ ನರಗಳು ಹಗ್ಗದ ಹಾಗೆ ಉಬ್ಬಿವೆ. ಐವತ್ತು ಚಿಲ್ಲರೆ ಕೆಜಿ ಮನುಷ್ಯ ಸುಮಾರು 450 ಕೆಜಿ ಪ್ರಾಣಿಯನ್ನು ಹಿಡಿದಿಡಬೇಕು. ಟ್ರೈನರು ಕೆಳಗಿನಿಂದ ಮೊಣಕಾಲಿಗೆ ಕೈ ಕೊಟ್ಟ, ಜಾಕಿ ಒಂದೇ ಜಿಗಿತಕ್ಕೆ ಜೀನಿನ ಮೇಲೆ. ಒಂಬತ್ತೂ ಸಾಲಾಗಿ ಟ್ರ್ಯಾಕಿನ ಕಡೆ ಹೊರಟವು. ಮೂರನೆಯವಳು ಗೇಟು ದಾಟುವಾಗಲೇ ಜಾಕಿಯ ಕೈಯಿಂದ ಲಗಾಮು ಕಿತ್ತುಕೊಳ್ಳಲು ನೋಡಿದಳು.

ನೀವು ಕಾಕಾನನ್ನು ಕರೆದುಕೊಂಡು ರಿಂಗಿನ ಮೂಲಕ ಸ್ಟ್ಯಾಂಡಿಗೆ ನಡೆಯುತ್ತೀರಿ. ಇಲ್ಲಿನ ಸದ್ದೇ ಬೇರೆ. ಬುಕ್ಕಿಯ ಹಲಗೆಯ ಮೇಲೆ ಬೆಲೆ ಕ್ಷಣಕ್ಷಣಕ್ಕೂ ಬದಲಾಗುತ್ತಿದೆ. ಮೂರನೇ ನಂಬರಿನ ಬೆಲೆ ಇನ್ನೂ ಇಳಿದಿದೆ, ಅಂದರೆ ಅವಳ ಮೇಲೆ ಇನ್ನಷ್ಟು ಹಣ ಬಿದ್ದಿದೆ. ಆ ನೊರೆಯನ್ನು ಇವರಾರೂ ನೋಡಿಲ್ಲ, ಅಥವಾ ನೋಡಿಯೂ ಹಲಗೆಯನ್ನೇ ನಂಬಿದ್ದಾರೆ. ಪಕ್ಕದಲ್ಲೊಬ್ಬ ಹೆಂಡತಿಗೆ ಫೋನಿನಲ್ಲಿ ಆಫೀಸಿನಲ್ಲಿದ್ದೇನೆ ಎನ್ನುತ್ತಿದ್ದಾನೆ. ಇನ್ನೊಬ್ಬ ಮೂರು ರೇಸಿನ ಟ್ರೆಬಲ್‌ನ ಕೊನೆಯ ರೇಸಿನಲ್ಲಿದ್ದಾನೆ, ಚೀಟಿ ಬೆವರಿಗೆ ಮೆತ್ತಗಾಗಿದೆ. ಜಾಕ್‌ಪಾಟ್, ತನಾಲಾ, ಕ್ವಿನೆಲಾ ಎಂಬ ಬಾಜಿಗಳ ಹೆಸರುಗಳು ಕಿವಿಯ ಮೇಲೆ ಬೀಳುತ್ತವೆ. ಟೋಟ್ ಕಿಟಕಿಯ ಬಳಿ ತೆರಿಗೆಯ ಗೊಣಗಾಟ. 2023ರ ಅಕ್ಟೋಬರಿನಿಂದ ಕಟ್ಟಿದ ಪೂರ್ತಿ ಮೊತ್ತದ ಮೇಲೆ ಶೇ 28 ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ ಶೇ 40. ಕುದುರೆ ಗೆಲ್ಲಲಿ, ಸೋಲಲಿ, ಅಷ್ಟು ಮೊದಲೇ ಹೋಯಿತು. ಕಾಕಾ ಆ ಅಂಕಿ ಕೇಳಿ ನಿಂತೇಬಿಟ್ಟರು. “ದಲಾಲಿನೂ ಅಷ್ಟು ತಗಳಂಗಿಲ್ಲಲೇ!”

ಸ್ಟ್ಯಾಂಡಿನ ಮೆಟ್ಟಿಲ ಮೇಲಿನಿಂದ ಇಡೀ ಕೋರ್ಸು ಕಾಣುತ್ತದೆ. ನಗರದ ಎದೆಯ ಮೇಲೆ ಸುಮಾರು 85 ಎಕರೆ ಹಸಿರು, ಸುತ್ತ ಹೋಟೆಲು, ಕಚೇರಿ, ಮೇಲ್ಸೇತುವೆ. ಸರ್ಕಾರಿ ಜಾಗದ ಗುತ್ತಿಗೆ 2009ಕ್ಕೇ ಮುಗಿದಿದೆ, ಎಲ್ಲಿಗೆ ಹೋಗಬೇಕೆಂಬ ಜಗ್ಗಾಟ ಆಮೇಲೆ ವರ್ಷಗಟ್ಟಲೆ ನಡೆದಿದೆ. ದೂರದಲ್ಲಿ ಗೇಟಿನ ಹಿಂದೆ ಕುದುರೆಗಳು ಸುತ್ತುತ್ತಿವೆ. ಒಂದೊಂದನ್ನಾಗಿ ಒಳಗೆ ತಳ್ಳುತ್ತಿದ್ದಾರೆ. ಎಂಟನೆಯದು ಒಲ್ಲೆ ಎಂದಿತು, ನಾಲ್ವರು ಹಿಂದಿನಿಂದ ಕೈ ಕೈ ಹಿಡಿದು ನೂಕಿದರು.

ಗೇಟು ತೆರೆಯಿತು.

ಮೊದಲಿಗೆ ಸದ್ದಿಲ್ಲ, ಬಣ್ಣದ ಚುಕ್ಕೆಗಳು ಮಾತ್ರ ಜರುಗುತ್ತವೆ. ನೂರಿನ್ನೂರು ಮೀಟರಿಗೇ ಮೂರನೆಯವಳು ಮುಂದೆ. ಜಾಕಿ ಹಿಂದಕ್ಕೆ ಒರಗಿ ಲಗಾಮು ಜಗ್ಗುತ್ತಿದ್ದಾನೆ, ಅವಳು ಕೇಳುತ್ತಿಲ್ಲ. ಹಿಂದೆ ನಾಲ್ಕು, ಅದರ ಹಿಂದೆ ಎರಡು. ಬೂದುಬಣ್ಣದವಳು ಒಳಗಂಬಿಯ ಪಕ್ಕ ಐದನೆಯವಳಾಗಿ ಸಿಕ್ಕಿಕೊಂಡಿದ್ದಾಳೆ. ಏಳನೆಯದು ಎಲ್ಲಿದೆಯೆಂದೇ ಕಾಣುವುದಿಲ್ಲ. ತಿರುವಿನಲ್ಲಿ ಗುಂಪು ಒತ್ತಾಯಿತು. ಈಗ ನೆಲ ಸದ್ದು ಮಾಡತೊಡಗಿತು. ಮೆಟ್ಟಿಲ ಸಿಮೆಂಟು ಪಾದದ ಕೆಳಗೆ ಅದುರುವುದು ನಿಮಗೆ ತಿಳಿಯುತ್ತದೆ. ಗಂಟೆಗೆ ಅರವತ್ತು ಕಿ.ಮೀ. ಹತ್ತಿರದ ವೇಗ. ಕುದುರೆ ಈ ಓಟದಲ್ಲಿ ಒಂದು ನೆಗೆತಕ್ಕೆ ಒಂದೇ ಉಸಿರು ತೆಗೆಯುತ್ತದೆ, ಅದಕ್ಕೆ ಮಧ್ಯೆ ಸುಧಾರಿಸಿಕೊಳ್ಳುವ ಬಿಡುವಿಲ್ಲ. ಪ್ಯಾಡಕ್‌ನಲ್ಲಿ ಸುರಿಸಿದ ಬೆವರಿನ ಲೆಕ್ಕ ಇಲ್ಲಿ ಬರುತ್ತದೆ.

ಕೊನೆಯ 300 ಮೀಟರು. ಮೂರನೆಯವಳ ತಲೆ ಮೇಲೆದ್ದಿತು, ನೆಗೆತ ಗಿಡ್ಡವಾಯಿತು. “ಮುಗೀತು ನೋಡು ಅದು” ಎಂದರು ಕಾಕಾ, ಸುತ್ತಲ ಸಾವಿರ ಗಂಟಲು ಅವಳ ಹೆಸರು ಕೂಗುತ್ತಿರುವಾಗ. ಎರಡನೆಯದು ಹೊರಗಿನಿಂದ ಬಂದು ಅವಳನ್ನು ದಾಟಿತು. ಬೂದುಬಣ್ಣದವಳಿಗೆ ದಾರಿಯಿಲ್ಲ. ಎದುರಿಗೆ ಸುಸ್ತಾದ ಫೇವರಿಟ್, ಪಕ್ಕದಲ್ಲಿ ನಾಲ್ಕು. ಜಾಕಿ ಎಳೆದು ಹಿಡಿದು, ಸುತ್ತಿ, ಹೊರಕ್ಕೆ ತಂದು ಬಿಟ್ಟ. ಆಗ ಅವಳು ಉದ್ದನೆಯ ಹೆಜ್ಜೆ ಹಾಕಿದಳು, ಮರಳಿನ ಮೇಲೆ ನೋಡಿದ್ದ ಅದೇ ಹೆಜ್ಜೆ. ಆದರೆ ಅವಳಿಗೂ ಹೊರಗಿನಿಂದ, ಅಪ್ರೆಂಟಿಸ್ ಹುಡುಗನ ಹಳದಿ ಟೋಪಿ ಹಾರಿಕೊಂಡು ಬರುತ್ತಿದೆ. ಹಗುರ ಭಾರದ, ಪಕ್ಕೆಲುಬಿನ ಏಳನೇ ನಂಬರು ಐವತ್ತು ಮೀಟರಿನಲ್ಲಿ ಮೂವರನ್ನು ನುಂಗಿತು. ಏಳು ಮೊದಲು, ಎರಡು ಎರಡನೆಯದು, ಕುತ್ತಿಗೆಯ ಅಂತರದಲ್ಲಿ ಐದು ಮೂರನೆಯದು. ಫೇವರಿಟ್ ಆರನೆಯದು. 62.5 ಕೆಜಿ ಹೊತ್ತ ಒಂದನೆಯದು ಏಳನೆಯದಾಗಿ, ತಲೆ ಕೆಳಗೇ ಹಾಕಿಕೊಂಡು ಬಂತು.

ಸುಮಾರು ಎಪ್ಪತ್ತೈದು ಸೆಕೆಂಡು. ಚೀಟಿಗಳು ಹರಿದು ಮೆಟ್ಟಿಲ ಮೇಲೆ ಬಿದ್ದವು.

“ನಿನ್ನ ಪುಸ್ತಕ ಗೆದ್ತು” ಎಂದರು ಕಾಕಾ, ಬೇಸರವಿಲ್ಲದೆ. ಪೂರ್ತಿ ಹಾಗೂ ಅಲ್ಲ. ತೂಕದ ಲೆಕ್ಕ, ಗೇಟಿನ ಲೆಕ್ಕ, ಹಿಂದಿನ ಓಟದ ಲೆಕ್ಕ ಪುಸ್ತಕದಲ್ಲಿತ್ತು, ಏಳನೆಯದು ಅದರಿಂದ ಗೆದ್ದಿತು. ಫೇವರಿಟ್ ಸೋಲುತ್ತಾಳೆಂಬುದು ಯಾವ ಪುಟದಲ್ಲೂ ಇರಲಿಲ್ಲ, ಅದನ್ನು ಹೇಳಿದ್ದು ಕಂಬಿಯ ಬಳಿ ನಿಂತ ಕಣ್ಣು. ನ್ಯಾಯಾಲಯ ಹೇಳಿದ ಜಾಣ್ಮೆ ಈ ಎರಡೂ ಸೇರಿದ್ದು. ಗೆಲ್ಲುವುದನ್ನು ಹೆಸರಿಟ್ಟು ಹೇಳುವುದಕ್ಕಿಂತ ಯಾವುದು ಆಗದು ಎಂದು ಬಿಡುವುದರಲ್ಲೇ ಅದು ಹೆಚ್ಚಾಗಿ ಕೈಗೆ ಸಿಗುತ್ತದೆ. ಬೂದುಬಣ್ಣದವಳಿಗೆ ದಾರಿ ಕಟ್ಟಿದ್ದು ಮಾತ್ರ ಯಾವ ಜಾಣ್ಮೆಗೂ ಸಿಗದ ಭಾಗ. ಒಂಬತ್ತು ಪ್ರಾಣಿ ಒಂದೇ ತಿರುವಿನಲ್ಲಿ ಸೇರಿದಾಗ ಅದು ಇದ್ದೇ ಇರುತ್ತದೆ. ಹಣ ಕಟ್ಟಿದವನು ಆ ಭಾಗಕ್ಕೂ ಪೂರ್ತಿ ಬೆಲೆ ತೆರುತ್ತಾನೆ, ಮೇಲೆ ಶೇ 40. ನೋಡಲು ಬಂದವನು ತೆರುವುದಿಲ್ಲ. ಕಾಕಾನ ಕರಾರಿನ ಅರ್ಥ ನಿಮಗೆ ಈಗ ಸರಿಯಾಗಿ ಹೊಳೆಯುತ್ತದೆ.

ಜನ ಕಿಟಕಿಗಳತ್ತ ಹೋದರೆ ಕಾಕಾ ಹೊರಟಿದ್ದು ಕುದುರೆಗಳು ವಾಪಸು ಬರುವ ಕಡೆಗೆ. ಜಾಕಿಗಳು ಇಳಿದು ಜೀನು ಬಿಚ್ಚಿ ತಕ್ಕಡಿಯತ್ತ ನಡೆದರು. ಹೋಗುವಾಗ ಇದ್ದ ತೂಕ ಬರುವಾಗಲೂ ಇರಬೇಕು, ಇಲ್ಲವಾದರೆ ಗೆಲುವು ಗೆಲುವಲ್ಲ. ಏಳನೆಯದನ್ನು ಉದ್ದೀಪನ ಮದ್ದಿನ ಪರೀಕ್ಷೆಗೆ ಬೇರೆ ಕರೆದೊಯ್ದರು. ಅದರ ಪಕ್ಕೆ ಏರಿಳಿಯುವುದನ್ನು ಕಾಕಾ ನಿಂತು ಎಣಿಸಿದರು. ಉಸಿರು ಬೇಗ ತಹಬಂದಿಗೆ ಬರುತ್ತಿದೆ. ತೆಳ್ಳಗಿನ ಆ ಮೈಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿ, “ಇದಕ್ಕ ಮೇವು ಕಮ್ಮಿ ಆಗಿಲ್ಲ. ಇದರ ಮೈಕಟ್ಟೇ ಹಿಂಗ” ಎಂದು ತಮ್ಮ ಲೆಕ್ಕ ತಿದ್ದಿಕೊಂಡರು.

ಹ್ಯಾಂಡಿಕ್ಯಾಪರ್ ಕೂಡ ತನ್ನ ಲೆಕ್ಕ ತಿದ್ದುತ್ತಾನೆ. ಈ ಗೆಲುವಿಗೆ ಏಳಂಕ ಏರಿಸಿದರೆ ಮುಂದಿನ ಸಲ ಮೂರೂವರೆ ಕೆಜಿ ಹೆಚ್ಚು. ದಾರಿ ಸಿಗದೆ ಮೂರನೆಯದಾದ ಬೂದುಬಣ್ಣದವಳ ಭಾರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಇದನ್ನು ಹೇಳಿದಾಗ ಕಾಕಾನ ಮುಖ ಅರಳಿತು. ಮದುವೆ ಮುಗಿಸಿ ನಾಡಿದ್ದು ಊರಿಗೆ ಹೊರಡಬೇಕಾದವರು, ಅವಳ ಮುಂದಿನ ಓಟ ಯಾವತ್ತೆಂದು ಕೇಳುತ್ತಿದ್ದಾರೆ.

“ಪೇಪರಿನಾಗ ಬಂದ ಮ್ಯಾಲೆ ಫೋನ್ ಮಾಡ್ತೀನ್ರಿ, ಕಾಕಾ.”

“ಮಾಡು. ಭಾರ ಎಷ್ಟು, ಗೇಟು ಯಾವುದು, ಹೇಳು. ಮತ್ತ ನೀ ಹೋಗಿ ಹೆಜ್ಜಿ ನೋಡಿ ಬಂದು ಹೇಳ್ಬೇಕು, ಸುಮ್ನ ಓದಿ ಹೇಳಿದ್ರ ನಡ್ಯಂಗಿಲ್ಲ.”

ಮುಂದಿನ ರೇಸು 1,400 ಮೀಟರಿನದು. ಓಡುವವು ಹನ್ನೊಂದು. ಮೊದಲ ಕುದುರೆ ಆಗಲೇ ಪ್ಯಾಡಕ್ ಒಳಗೆ ಕಾಲಿಟ್ಟಿದೆ, ಕಾಕಾ ನಿಮಗಿಂತ ಮುಂದೆ ಹೊರಟಿದ್ದಾರೆ.